ಚರ್ಚೆಯಲ್ಲಿ ಚೆನ್ನಾಗಿ ಮಾತಾಡಿದವರನ್ನೇ ನಂಬಬೇಕಾ?

ಪ್ರಶ್ನೆ:
ನಾನು ಈ ಸಲ ಮೊದಲ ಬಾರಿ ಓಟು ಹಾಕುತ್ತಿದ್ದೇನೆ. ಅಪ್ಪನ ಜೊತೆ ಕೂತು ಅಭ್ಯರ್ಥಿಗಳ ಚರ್ಚೆ ಪೂರ್ತಿ ನೋಡಿದೆ. ಒಬ್ಬರು ಪಟಪಟ ಮಾತಾಡಿ ಎದುರಿನವರ ಬಾಯಿ ಮುಚ್ಚಿಸಿದರು. ಇನ್ನೊಬ್ಬರು ತಡವರಿಸಿದರು, ಎರಡು ಸಲ ಅಂಕಿ ಮರೆತರು. "ಮಾತೇ ಬಾರದವರು ಆಡಳಿತ ಏನು ಮಾಡುತ್ತಾರೆ?" ಅಂದರು ಅಪ್ಪ. ನನಗೆ ಯಾಕೋ ತಡವರಿಸಿದವರ ಮೇಲೇ ನಂಬಿಕೆ ಬಂತು. ಯಾಕೆ ಅಂತ ಕೇಳಿದರೆ ಹೇಳಲು ಆಗಲಿಲ್ಲ. ಚರ್ಚೆ ನೋಡಿ ಒಬ್ಬರ ಗುಣ ತಿಳಿಯುತ್ತದಾ?

ಉತ್ತರ 1:
ನಾನು 14 ವರ್ಷ ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದವಳು. ತೀರ್ಪುಗಾರಳಾಗಿಯೂ ಕೂತಿದ್ದೇನೆ. ಪರವೋ ವಿರೋಧವೋ ಅನ್ನುವುದನ್ನು ನಾವು ಚೀಟಿ ಎತ್ತಿ ಕೊಡುತ್ತಿದ್ದೆವು. ಒಬ್ಬ ಹುಡುಗಿ ಬೆಳಿಗ್ಗೆ ಒಂದು ವಿಷಯದ ಪರವಾಗಿ ಗೆದ್ದಳು, ಮಧ್ಯಾಹ್ನ ಅದೇ ವಿಷಯದ ವಿರೋಧವಾಗಿ ಗೆದ್ದಳು. ಎರಡು ಸಲವೂ ಅವಳ ದನಿ ನಡುಗಲಿಲ್ಲ. ಅವಳು ಒಳ್ಳೆಯ ಹುಡುಗಿಯೇ. ಆದರೆ ಅವಳು ಏನನ್ನು ನಂಬುತ್ತಾಳೆ ಅನ್ನುವುದು ಆ ಎರಡು ಮಾತುಗಳಿಂದ ನನಗೆ ತಿಳಿಯಲಿಲ್ಲ. ನಿರರ್ಗಳ ಮಾತು ಕಲಿತರೆ ಬರುವ ವಿದ್ಯೆ, ಈಜಿನ ಹಾಗೆ.

ನನಗೆ ಯಾವಾಗಲೂ ನೆನಪಾಗುವುದು ಜೇಮ್ಸ್ ಸ್ಟಾಕ್‌ಡೇಲ್. 1992ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ, ಅಧ್ಯಕ್ಷ ಸ್ಥಾನದ ಅಭ್ಯರ್ಥಿ ರಾಸ್ ಪೆರೋ ಜೊತೆ ನಿಂತಿದ್ದರು. ಚರ್ಚೆಗೆ ತಯಾರಿಯೇ ಇರಲಿಲ್ಲ. "ನಾನು ಯಾರು? ಇಲ್ಲಿ ಯಾಕಿದ್ದೇನೆ?" ಅಂತ ಮಾತು ಶುರು ಮಾಡಿದರು. ಒಂದು ಹಂತದಲ್ಲಿ ಶ್ರವಣಯಂತ್ರ ಆನ್ ಆಗಿರಲಿಲ್ಲ ಅಂತ ಪ್ರಶ್ನೆಯನ್ನು ಮತ್ತೆ ಕೇಳಿಸಿಕೊಂಡರು. ಜನ ನಕ್ಕರು. ಅದೇ ಮನುಷ್ಯ ವಿಯೆಟ್ನಾಂ ಯುದ್ಧದಲ್ಲಿ ಏಳು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವರು. ಶತ್ರುಗಳು ತನ್ನನ್ನು ತಮ್ಮ ಪ್ರಚಾರದ ಚಿತ್ರದಲ್ಲಿ ತೋರಿಸಬಾರದು ಅಂತ ತನ್ನ ಮುಖವನ್ನು ತಾನೇ ಜಜ್ಜಿಕೊಂಡವರು! ಆ ಒಂದೂವರೆ ಗಂಟೆಯಲ್ಲಿ ಇದು ಯಾರಿಗೆ ಕಾಣಿಸಿತು? ಒಳ್ಳೆಯ ಉಪಾಧ್ಯಕ್ಷ ಆಗುತ್ತಿದ್ದರಾ ಅನ್ನುವುದು ಬೇರೆ ಮಾತು. ಗುಣದ ಬಗ್ಗೆ ಮಾತ್ರ ಹೇಳುತ್ತಿದ್ದೇನೆ.

ನಾನು ಗುಣ ನೋಡುವುದು ಸುಳ್ಳು ತನಗೆ ಲಾಭ ತರುವ ಹೊತ್ತಿನಲ್ಲಿ. 2008ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾನ್ ಮೆಕೇನ್ ಸಭೆಯಲ್ಲಿ ಒಬ್ಬ ಹೆಂಗಸು ಎದುರಾಳಿ ಒಬಾಮಾರನ್ನು ಅರಬ್ ಅಂದು, ಅವರ ಮೇಲೆ ನಂಬಿಕೆ ಇಲ್ಲ ಅಂದರು. ಮೆಕೇನ್ ಮೈಕ್ ತೆಗೆದುಕೊಂಡು ಇಲ್ಲ ಅಂದರು. ಒಬಾಮಾ ಸಭ್ಯ ಸಂಸಾರಸ್ಥರು, ನನಗೆ ಅವರ ಜೊತೆ ಇರುವುದು ಅಭಿಪ್ರಾಯಭೇದ ಅಷ್ಟೇ ಅಂದರು. ಎದುರಾಳಿಯ ಪರವಾಗಿ ಮಾತಾಡಿದ್ದಕ್ಕೆ ಆ ಸಭೆಯಲ್ಲಿ ಅವರದೇ ಬೆಂಬಲಿಗರು ಕೂಗಾಡಿದರು.

ನಿಮಗೆ ಒಂದು ಕೆಲಸ ಹೇಳುತ್ತೇನೆ. ಚರ್ಚೆಯನ್ನು ಇನ್ನೊಮ್ಮೆ ಹಾಕಿ. ಪ್ರತಿ ಪ್ರಶ್ನೆಯನ್ನು ಕಾಗದದಲ್ಲಿ ಬರೆಯಿರಿ. ಉತ್ತರ ಮುಗಿದ ಮೇಲೆ ಆ ಪ್ರಶ್ನೆಗೆ ಉತ್ತರ ಸಿಕ್ಕಿತಾ ಅಂತ ನೋಡಿ. ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿರುವ ವಿಷಯಕ್ಕೆ ಜಾರಿಕೊಳ್ಳುವುದನ್ನು ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೇನೆ. ಹಾಗಾಗಿ ಅದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ನಿಮಗೂ ಬೀಳುತ್ತದೆ.

ಉತ್ತರ 2:
ಒಪ್ಪುತ್ತೇನೆ, ಆದರೆ ಚರ್ಚೆಯನ್ನು ಪೂರ್ತಿ ತಳ್ಳಿಹಾಕಬೇಡಿ. 2024ರ ಜೂನ್ 27ರ ಚರ್ಚೆಯಲ್ಲಿ ಆಗಿನ ಅಮೆರಿಕದ ಅಧ್ಯಕ್ಷ ಬೈಡನ್ ತಡವರಿಸಿದ್ದನ್ನು ಎಲ್ಲರೂ ನೋಡಿದರು. ಜುಲೈ 21ಕ್ಕೆ ಅವರು ಕಣದಿಂದ ಹಿಂದೆ ಸರಿದರು. ಕೆಲಸ ಮಾಡುವ ಶಕ್ತಿ ಇದೆಯಾ ಅನ್ನುವುದೂ ಮತದಾರರಿಗೆ ಬೇಕಾದ ವಿಷಯವೇ ಅಲ್ವಾ?

ಉತ್ತರ 1:
ಖಂಡಿತ ಬೇಕು. ಅದು ಶಕ್ತಿಯ ಪ್ರಶ್ನೆ, ಇವರು ಕೇಳಿದ್ದು ಗುಣದ ಪ್ರಶ್ನೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ ಅಂತಲೇ ನಾನು ಹೇಳುವುದು. ತಪ್ಪಾದ ಮೇಲೆ ಏನು ಮಾಡಿದರು ಅನ್ನುವುದನ್ನೂ ಸೇರಿಸಿ. 1976ರ ಚರ್ಚೆಯಲ್ಲಿ ಆಗಿನ ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಹಿಡಿತ ಇದ್ದದ್ದು ಎಲ್ಲರಿಗೂ ಗೊತ್ತಿದ್ದರೂ, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತ ಇಲ್ಲ ಅಂದುಬಿಟ್ಟರು. ಬಾಯಿ ತಪ್ಪುವುದು ಯಾರಿಗೂ ಆಗುತ್ತದೆ. ಆದರೆ ತಪ್ಪಾಯಿತು ಅನ್ನಲು ಅವರಿಗೆ ಕೆಲವು ದಿನ ಬೇಕಾಯಿತು. ನನಗೆ ಆ ತಪ್ಪಿಗಿಂತ ಆ ದಿನಗಳೇ ಜಾಸ್ತಿ ಹೇಳುತ್ತವೆ.

ಉತ್ತರ 3:
ಮುಖ ನೋಡಿ ಮರುಳಾಗುವುದಕ್ಕೆ 1960ರ ಕೆನಡಿ–ನಿಕ್ಸನ್ ಚರ್ಚೆಯನ್ನು ಹೇಳುತ್ತಾರೆ. ಟಿವಿಯಲ್ಲಿ ನೋಡಿದವರಿಗೆ ಕೆನಡಿ, ರೇಡಿಯೊ ಕೇಳಿದವರಿಗೆ ನಿಕ್ಸನ್ ಗೆದ್ದ ಹಾಗೆ ಅನ್ನಿಸಿತಂತೆ. ಆ ಮಾತಿಗೆ ಇರುವ ಆಧಾರ ತೀರಾ ತೆಳು. ನಿಕ್ಸನ್ ಆಗಷ್ಟೇ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದು ಬಂದಿದ್ದರು ಅನ್ನುವುದು ಮಾತ್ರ ನಿಜ. ಬಿಳಚಿದ ಮುಖ ಗುಣದ ಗುರುತಲ್ಲ.

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ಕಾಗದ ಹಿಡಿದು ಮತ್ತೆ ನೋಡಿದೆವು. ಒಟ್ಟು ಒಂಬತ್ತು ಪ್ರಶ್ನೆ. ಪಟಪಟ ಮಾತಾಡಿದವರು ಆರಕ್ಕೆ ಉತ್ತರವನ್ನೇ ಕೊಟ್ಟಿಲ್ಲ. ಆದರೆ ನಾನು ನಂಬಿದವರೂ ನಾಲ್ಕರಲ್ಲಿ ಜಾರಿಕೊಂಡಿದ್ದಾರೆ, ಅದು ಮೊದಲ ಸಲ ನನಗೆ ಕಂಡೇ ಇರಲಿಲ್ಲ. ಅಂಕಿ ಮರೆತಾಗ ಮಾತ್ರ "ನೆನಪಿಲ್ಲ, ನೋಡಿ ಹೇಳುತ್ತೇನೆ" ಅಂದಿದ್ದಾರೆ. ಅಪ್ಪ ಅಲ್ಲಿ ನಿಲ್ಲಿಸಿ, ಹಿಂದೆ ಹೋಗಿ, ಇನ್ನೊಮ್ಮೆ ಕೇಳಿದರು. ಆ ಅಂಕಿಯನ್ನು ಆಮೇಲೆ ಹೇಳಿದರಾ ಅಂತ ಇವತ್ತು ಇಬ್ಬರೂ ಹುಡುಕುತ್ತಿದ್ದೇವೆ.