ಸಹಾಯ ಬೇಕು: ಮಂಗ, ರಾಮಪತ್ರೆ ಜಡ್ಡಿ ಮತ್ತು ಪರಿಸರ ನೀತಿ

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮೂರಿನ ಪಿಯುಸಿ ಮಕ್ಕಳ ಜೊತೆ ಕಾಡು ಮತ್ತು ನೀತಿ ಬಗ್ಗೆ ಚರ್ಚೆ ಇಟ್ಟುಕೊಂಡಿದ್ದೇನೆ. ತತ್ವಶಾಸ್ತ್ರ ಓದಿದವರು ದಯವಿಟ್ಟು ದಾರಿ ತೋರಿಸಿ.

ಜರ್ಮನ್ ತತ್ವಜ್ಞಾನಿ ಕಾಂಟ್ ಪ್ರಕಾರ ನಮ್ಮ ನೇರ ಕರ್ತವ್ಯ ಮನುಷ್ಯರಿಗೆ ಮಾತ್ರ. ಪ್ರಾಣಿಯನ್ನು ಹಿಂಸಿಸಬಾರದು, ಯಾಕೆಂದರೆ ಹಾಗೆ ಮಾಡಿದವನು ಮನುಷ್ಯರ ಮೇಲೂ ಕ್ರೂರಿಯಾಗುತ್ತಾನೆ. ಇಂಗ್ಲಿಷ್ ತತ್ವಜ್ಞಾನಿ ಬೆಂಥಮ್ ಕೇಳಿದ್ದು ಪ್ರಾಣಿಗೆ ನೋವಾಗುತ್ತದಾ ಅಂತ. 1975ರಲ್ಲಿ ಆಸ್ಟ್ರೇಲಿಯಾದ ತತ್ವಜ್ಞಾನಿ ಪೀಟರ್ ಸಿಂಗರ್ ಅದನ್ನೇ ಮುಂದುವರಿಸಿ, ನೋವು ತಿಳಿಯುವ ಪ್ರಾಣಿಗಳೆಲ್ಲ ನೀತಿಯ ಲೆಕ್ಕಕ್ಕೆ ಬರಬೇಕು ಅಂದರು. ಹಾಗಾದರೆ ನಮ್ಮ ರಾಮಪತ್ರೆ ಜಡ್ಡಿಯ, ಅಂದರೆ ಕಾಡಿನೊಳಗೆ ರಾಮಪತ್ರೆ ಜಾತಿಯ ಮರಗಳು ಬೆಳೆಯುವ ಜೌಗು ನೆಲದ, ಗತಿ ಏನು? ಕೆಸರಿನಿಂದ ಮಡಚಿದ ಮೊಣಕಾಲಿನ ಹಾಗೆ ಮೇಲೆದ್ದು ಉಸಿರಾಡುವ ಆ ಬೇರುಗಳಿಗೆ ನೋವಿಲ್ಲ ಅಂತ ಲೆಕ್ಕದಿಂದ ಹೊರಗಿಡುವುದಾ? ನನಗಂತೂ ಒಪ್ಪಿಗೆಯಿಲ್ಲ. ಮಣ್ಣು, ನೀರು, ಗಿಡ, ಪ್ರಾಣಿ ಎಲ್ಲ ಸೇರಿ ಒಂದೇ ಸಮುದಾಯ, ನಾವು ಅದರ ಸದಸ್ಯರಷ್ಟೇ ಅನ್ನುವ ಅಮೆರಿಕದ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಅವರ 1949ರ ವಿಚಾರ ಇಲ್ಲಿ ಜಾಸ್ತಿ ಹಿಡಿಸುತ್ತದೆ.

ಆದರೆ ಮಂಗನ ವಿಷಯ ಬಂದರೆ ತಲೆ ಕೆಡುತ್ತದೆ. ಎಳೆ ಅಡಿಕೆ ಕಚ್ಚಿ, ರಸ ಹೀರಿ, ಮರದ ಬುಡಕ್ಕೆ ಎಸೆದು ಹೋಗುತ್ತವೆ, ವರ್ಷದ ಫಸಲು ಹೋದವರ ಸಂಕಟ ಸುಮ್ನೆ ಮಾತಲ್ಲ. ಸಿಂಗರ್ ಪ್ರಕಾರ ಒಂದೊಂದು ಮಂಗನ ನೋವೂ ಲೆಕ್ಕ, ಲಿಯೊಪೋಲ್ಡ್‌ಗೆ ಇಡೀ ಕಾಡಿನ ಒಳಿತು ಮುಖ್ಯ. ಎರಡೂ ಎದುರುಬದುರಾದಾಗ ತೀರ್ಮಾನ ಹೇಗೆ?

ಇದನ್ನು ಸರಳ ಕನ್ನಡದಲ್ಲಿ ವಿವರಿಸುವ ಲೇಖನ ಇದ್ದರೆ ತಿಳಿಸಿ. 1983ರ ಅಪ್ಪಿಕೋ ಚಳವಳಿಯಲ್ಲಿ ಸಾಲ್ಕಣಿ ಕಡೆ ಕಾಡು ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡು ನಿಂತವರು ಯಾರಾದರೂ ಮಕ್ಕಳ ಜೊತೆ ಮಾತಾಡಲು ಬರುವುದಾದರೆ ಇನ್ನೂ ಒಳ್ಳೆಯದು. ಕಾರಿನ ವ್ಯವಸ್ಥೆ ನಾನೇ ಮಾಡುತ್ತೇನೆ.