ಬ್ಲೂಮ್ ಗುಂಡಿಗೆ ಕನ್ನಡದಲ್ಲಿ ಏನು? (ಕಾಫಿ ಮೇಕರ್, ತುರ್ತು)

ಇಂದ: ಮೈಸೂರು ಅನುವಾದಕಿ

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಆರಕ್ಕೆ ಪ್ರೆಸ್ಸಿಗೆ ಕೊಡಬೇಕು. ಅದಕ್ಕೇ ಸುತ್ತಿ ಬಳಸದೆ ಕೇಳುತ್ತಿದ್ದೇನೆ.

ಮನೆಯಲ್ಲಿಡುವ ಡ್ರಿಪ್ ಕಾಫಿ ಮೇಕರ್ ಒಂದಕ್ಕೆ ಕನ್ನಡದ ಕೈಪಿಡಿ ಮಾಡುತ್ತಿದ್ದೇನೆ. ನಾಲ್ಕು ಪುಟ. ಜೊತೆಗೆ ಗುಂಡಿಗಳ ಕೆಳಗೆ ಅಂಟಿಸಲು ಸ್ಟಿಕ್ಕರ್. ಒಂದೊಂದರ ಅಗಲ ಎರಡು ಸೆಂಟಿಮೀಟರ್. ಮೂರು ಅಕ್ಷರ ಆರಾಮಾಗಿ ಕೂರುತ್ತದೆ, ನಾಲ್ಕು ಹಿಡಿಸಬಹುದು, ಐದಾದರೆ ಅಜ್ಜಿಯಂದಿರಿಗೆ ಕಾಣುವುದಿಲ್ಲ.

ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ಬ್ಲೂಮ್. ಈ ಗುಂಡಿ ಒತ್ತಿದರೆ ಮಷೀನು ಪುಡಿಯ ಮೇಲೆ ಸ್ವಲ್ಪ ಬಿಸಿನೀರು ಹನಿಸಿ, 30ರಿಂದ 45 ಸೆಕೆಂಡು ಸುಮ್ನೆ ನಿಲ್ಲುತ್ತದೆ. ಹೊಸದಾಗಿ ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಸಿಕ್ಕಿಕೊಂಡಿರುತ್ತದಲ್ಲ, ಅದು ಹೊರಗೆ ಬರುವಾಗ ಪುಡಿ ಗುಳ್ಳೆ ಗುಳ್ಳೆಯಾಗಿ ಮೇಲೇಳುತ್ತದೆ. ಗಾಳಿ ಹೋದಮೇಲೆ ಉಳಿದ ನೀರು ಬಿದ್ದರೆ ಪುಡಿಯೆಲ್ಲ ಒಂದೇ ಸಮ ನೆನೆದು ಸಾರ ಬಿಡುತ್ತದೆ. ಸದ್ಯಕ್ಕೆ ‘ಅರಳು’ ಅಂತ ಹಾಕಿದ್ದೇನೆ. ಓದಿದರೆ ನನಗೇ ನಗು ಬರುತ್ತದೆ.

ಎರಡು, ಬ್ರೂ. ಹಾಗೇ ಕನ್ನಡದಲ್ಲಿ ಬರೆದರೆ ಅಂಗಡಿಯ ಇನ್‌ಸ್ಟಂಟ್ ಪೊಟ್ಟಣ ನೆನಪಾಗುತ್ತದೆ. ‘ಶುರು’ ಅಂತ ಇನ್ನೊಂದು ಗುಂಡಿ ಆಗಲೇ ಇದೆ.

ಮೂರು, ಮೀಡಿಯಮ್ ಗ್ರೈಂಡ್. ‘ಮಧ್ಯಮ ಪುಡಿ’ ಅಂದರೆ ಯಾರಿಗೆ ಏನು ಗೊತ್ತಾಗುತ್ತದೆ?

*

ಇಂದ: ಬಸವನಗುಡಿ ಮೇಷ್ಟ್ರು

ಹೊಂಗು.

ಇದಕ್ಕಿಂತ ಸರಿಯಾದ ಪದ ಸಿಗುವುದಿಲ್ಲ. ಹಳಗನ್ನಡದಲ್ಲಿ ಪೊಂಗು. ಪಾಲು ಹಾಲಾಯಿತು, ಪೂ ಹೂವಾಯಿತು, ಪೊಂಗು ಹೊಂಗಾಯಿತು. ಉಕ್ಕು, ಉಬ್ಬು, ಅರಳು, ಹಿಗ್ಗು, ಇಷ್ಟೂ ಅರ್ಥ ಆ ಒಂದು ಮಾತಿನಲ್ಲಿವೆ. ಪುಡಿ ಉಬ್ಬುವುದೂ ಅದೇ, ಹೂವು ಬಿರಿಯುವುದೂ ಅದೇ. ತಮಿಳರು ಪೊಂಗಲ್ ಅಂತ ಹಬ್ಬದಲ್ಲಿ ಉಳಿಸಿಕೊಂಡರು. ನಾವು ಹುಗ್ಗಿ ತಿಂದು ಪದ ಮರೆತೆವು.

ಎರಡಕ್ಷರ. ಸ್ಟಿಕ್ಕರ್‌ಗೂ ಆಯಿತು.

*

ಇಂದ: ಕರಡು ತಿದ್ದುವವನು

ಮೇಷ್ಟ್ರೇ, ‘ಹೊಂಗು’ ಅಂತ ಸ್ಟಿಕ್ಕರ್ ನೋಡಿದವರು ಹೊಂಗೆ ಎಣ್ಣೆ ಹಾಕಬೇಕೇನೋ ಅಂದುಕೊಳ್ಳುತ್ತಾರೆ. ಬೇಡ.

*

ಇಂದ: ತೋಟದಮನೆ, ಮೂಡಿಗೆರೆ

‘ಅರಳು’ ಮಾತ್ರ ದಯವಿಟ್ಟು ಬೇಡ ಮೇಡಂ. ಕಾಫಿ ಅರಳೋದು ಗಿಡದಲ್ಲಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬೀಳುತ್ತೆ. ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತೆ, ಮಲ್ಲಿಗೆ ಥರ ವಾಸನೆ. ಎರಡು-ಮೂರು ದಿನ ಅಷ್ಟೇ ಆ ಚೆಂದ. ಮಳೆ ಕೈಕೊಟ್ಟರೆ ರೊಬಸ್ಟಾ ಜಾತಿಯ ಗಿಡಕ್ಕೆ ಸ್ಪ್ರಿಂಕ್ಲರ್ ಓಡಿಸಿ ನಾವೇ ಹೂ ಬಿಡಿಸಬೇಕು. ವರ್ಷದ ಫಸಲೆಲ್ಲ ಆ ಮಳೆಯ ಮೇಲೆ ನಿಂತಿರುತ್ತೆ. ನಮ್ಮ ಕಡೆ ಯಾರಿಗಾದರೂ ‘ಕಾಫಿ ಅರಳಿತು’ ಅನ್ನಿ, ಆಕಾಶ ನೋಡ್ತಾರೆ. ಮಷೀನು ನೋಡಲ್ಲ.

ಗ್ರೈಂಡ್‌ಗೆ ಪದ ಯಾಕೆ ಹುಡುಕುತ್ತೀರಿ, ರವೆ ಹೆಸರು ಹೇಳಿ. ಚಿರೋಟಿ ರವೆಗಿಂತ ದಪ್ಪ, ಬನ್ಸಿ ರವೆಗಿಂತ ಸಣ್ಣ. ಪೇಪರ್ ಫಿಲ್ಟರ್ ಹಾಕೋ ಮಷೀನಿಗೆ ಅದೇ ಹದ. ಬನ್ಸಿಯಷ್ಟು ದಪ್ಪ ಮಾಡಿದರೆ ನೀರು ಸರ್ರಂತ ಇಳಿದುಹೋಗಿ ಕಾಫಿ ಹುಳಿ ಹುಳಿ ಆಗುತ್ತೆ. ಮೈದಾ ಥರ ಮಾಡಿದರೆ ಇಳಿಯೋದೇ ಇಲ್ಲ, ಇಳಿದರೂ ಕಹಿ.

*

ಇಂದ: ಬಸವನಗುಡಿ ಮೇಷ್ಟ್ರು

ರವೆ ಸರಿ. ಆದರೆ ‘ತರಿ’ ಎಂಬ ಅಚ್ಚಗನ್ನಡ ಪದವೇ ಇದೆ. ತರಿತರಿಯಾಗಿ ಬೀಸು ಅಂದರೆ ಮುಗಿಯಿತು. ಗ್ರೈಂಡ್, ಮೀಡಿಯಮ್, ಇವೆಲ್ಲ ಏಕೆ?

*

ಇಂದ: ತೋಟದಮನೆ, ಮೂಡಿಗೆರೆ

ತರಿತರಿ ಅಂದರೆ ಇಡ್ಲಿಗೆ ಒಂದು, ಚಟ್ನಿಪುಡಿಗೆ ಒಂದು. ರವೆಯಾದರೆ ಡಬ್ಬದಲ್ಲಿರುತ್ತೆ, ಬೆರಳಲ್ಲಿ ಮುಟ್ಟಿ ನೋಡಬಹುದು.

*

ಇಂದ: ಸಂಸ್ಕೃತ ಪಾಠಕ

ಡಿಕಾಕ್ಷನ್ ಎಂಬುದಕ್ಕೆ ಕಷಾಯ ಎಂಬ ಶುದ್ಧ ಪದ ಇದೆ. ಬ್ರೂ ಎಂದರೆ ‘ಕಷಾಯ ಸಿದ್ಧಪಡಿಸು’. ಇಷ್ಟು ಚರ್ಚೆ ಏಕೋ ತಿಳಿಯದು.

*

ಇಂದ: ಕರಡು ತಿದ್ದುವವನು

ಎಂಟು ಅಕ್ಷರ ಆಯಿತು ಸ್ವಾಮಿ. ಸ್ಟಿಕ್ಕರ್ ಮಷೀನಿನ ಬೆನ್ನಿಗೆ ಸುತ್ತಬೇಕು.

ಅರ್ಥವೂ ಕೂಡುವುದಿಲ್ಲ. ಕಷಾಯ ಅಂದರೆ ಕುದಿಸಿ ಬತ್ತಿಸಿದ್ದು. ಜೀರಿಗೆ-ಧನಿಯಾ ಕುದಿಯಬೇಕು. ಕಾಫಿಪುಡಿ ಕುದಿಸಿದರೆ ಕೆಡುತ್ತದೆ. ಫಿಲ್ಟರ್‌ನಲ್ಲಿ ಕುದಿದ ನೀರನ್ನು ಪುಡಿಯ ಮೇಲೆ ಹಾಕುತ್ತೇವೆ, ಪುಡಿಯನ್ನೇ ಕುದಿಸುವುದಿಲ್ಲ. ಡ್ರಿಪ್ ಮಷೀನಿನಲ್ಲಿ ನೀರು 92ರಿಂದ 96 ಡಿಗ್ರಿ ಇದ್ದರೆ ಒಳ್ಳೆಯದು, ನೂರಲ್ಲ. ಹಾಗೆ ನೋಡಿದರೆ ಡಿಕಾಕ್ಷನ್ ಅನ್ನುವುದೂ ತಪ್ಪು ಹೆಸರೇ. ಅದರ ಲ್ಯಾಟಿನ್ ಬೇರಿಗೂ ಕುದಿಸಿ ಇಳಿಸುವುದು ಅಂತಲೇ ಅರ್ಥ. ಇಂಗ್ಲಿಷಿನ ತಪ್ಪನ್ನು ತೆಗೆದು ಸಂಸ್ಕೃತದ ತಪ್ಪು ಹಾಕಿ ಏನು ಲಾಭ?

ಬಾಯಿಗೆ ಬಂದಿರುವ ಡಿಕಾಕ್ಷನ್ ಇರಲಿ ಬಿಡಿ. ಅದಕ್ಕೆ ನಮ್ಮ ಕ್ರಿಯಾಪದ ಆಗಲೇ ಇದೆ. ‘ಡಿಕಾಕ್ಷನ್ ಇಳೀತಾ?’ ಅಂತ ಬೆಳಗ್ಗೆ ಎದ್ದ ತಕ್ಷಣ ಎಲ್ಲ ಮನೆಯಲ್ಲೂ ಕೇಳುತ್ತಾರೆ. ಬ್ರೂಗೆ ಇಳಿಸು. ಮೂರಕ್ಷರ.

*

ಇಂದ: ಸಂಸ್ಕೃತ ಪಾಠಕ

ಭಟ್ಟಿ ಇಳಿಸುವುದು, ಹೆಂಡ ಇಳಿಸುವುದು. ಕಾಫಿಗೂ ಅದೇ ಮಾತೇ? ಆಗಲಿ.

*

ಇಂದ: ಮೈಸೂರು ಅನುವಾದಕಿ

ಸರ್, ಇಂಗ್ಲಿಷಿನ ಬ್ರೂ ಕೂಡ ಬಿಯರ್ ಪಕ್ಕದಲ್ಲೇ ಕೂತಿರುವುದು. ನನಗೆ ಆ ತೊಂದರೆ ಇಲ್ಲ. ಬೇರೆಯದೊಂದಿದೆ. ‘ಇಳಿಸು’ ಗುಂಡಿ ಇರುವುದು ಗಾಜಿನ ಜಗ್ಗಿನ ಪಕ್ಕದಲ್ಲೇ. ಪಾತ್ರೆ ಇಳಿಸು ಅಂತ ಓದಿಕೊಂಡು ಯಾರಾದರೂ ಜಗ್ ಎತ್ತಿದರೆ ಕಾಫಿಯೆಲ್ಲ ಕೆಳಗಿನ ಬಿಸಿ ತಟ್ಟೆಯ ಮೇಲೆ.

*

ಇಂದ: ಎಡಿಸನ್, ನ್ಯೂ ಜೆರ್ಸಿ

ಹದಿನಾರು ವರ್ಷದಿಂದ ಇಂಥ ಮಷೀನಿನ ಜೊತೆ ಬಾಳುತ್ತಿದ್ದೇನೆ. ಪದದ ಜಗಳ ನೀವು ಮುಗಿಸಿಕೊಳ್ಳಿ. ಕೈಪಿಡಿಯಲ್ಲಿ ಎರಡು ಮಾತು ಮಾತ್ರ ದಪ್ಪಕ್ಷರದಲ್ಲಿ ಹಾಕಿ.

ಮೊದಲನೆಯದು, ‘ಕಪ್’ ಅನ್ನುವುದನ್ನು ‘ಲೋಟ’ ಅಂತ ಮಾಡಬೇಡಿ. ಮಷೀನಿನ ಜಗ್ಗಿನ ಮೇಲೆ ಗೀಟು ಹಾಕಿ ಬರೆದ ಕಪ್ ಸಾಮಾನ್ಯವಾಗಿ 150 ಮಿಲಿಲೀಟರ್ ಆಸುಪಾಸು. ಹತ್ತು ಕಪ್ಪಿನ ಮಷೀನು ಅಂತ ಹತ್ತು ಜನರನ್ನು ಕರೆದು ನಾನು ಮರ್ಯಾದೆ ಕಳೆದುಕೊಂಡಿದ್ದೇನೆ. ಲೀಟರ್ ನೀರಿಗೆ 60 ಗ್ರಾಂ ಪುಡಿ ಅಂತ ಬರೆಯಿರಿ. ಚಮಚದ ಲೆಕ್ಕ ಯಾರಿಗೂ ಸರಿಹೋಗುವುದಿಲ್ಲ.

ಎರಡನೆಯದು ಚಿಕೋರಿ. ಊರಿಂದ ಬಂದ ಹೊಸದರಲ್ಲಿ 60:40 (ಕಾಫಿ 60, ಚಿಕೋರಿ 40) ಫಿಲ್ಟರ್ ಪುಡಿಯನ್ನೇ ಮಷೀನಿಗೆ ಹಾಕಿದೆ. ಪುಡಿ ನುಣ್ಣಗೆ, ಮೇಲಿಂದ ಚಿಕೋರಿಯ ಅಂಟು. ಪೇಪರ್ ಕಟ್ಟಿಕೊಂಡಿತು. ಮೇಲಿಂದ ನೀರು ಬರುತ್ತಲೇ ಇದೆ, ಕೆಳಗೆ ಇಳಿಯುತ್ತಿಲ್ಲ. ಬುಟ್ಟಿ ತುಂಬಿ, ಮುಚ್ಚಳ ಎತ್ತಿಕೊಂಡು, ಗಷ್ಟು ಸಮೇತ ಕಟ್ಟೆ ಮೇಲೆ ಹರಿದು ಟೋಸ್ಟರಿನೊಳಗೆ ಹೋಯಿತು. ಹೆಂಡತಿ ಒಂದೂ ಮಾತಾಡಲಿಲ್ಲ. ಅದೇ ಭಯ ಆಗಿದ್ದು. ಫಿಲ್ಟರ್ ಪುಡಿ ಬೇರೆ, ಮಷೀನ್ ಪುಡಿ ಬೇರೆ. ಇದು ಹೇಳದೆ ಬ್ಲೂಮ್‌ಗೆ ಎಂಥ ಪದ ಹಾಕಿದರೂ ಅಷ್ಟೇ.

ಇನ್ನೊಂದು, ಈ ಕಾಫಿಗೆ ನಮ್ಮ ಅಭ್ಯಾಸದಷ್ಟು ಹಾಲು ಹಾಕಿದರೆ ಕಲಗಚ್ಚು. ಡಿಕಾಕ್ಷನ್‌ನ ಗಟ್ಟಿತನ ಇದಕ್ಕಿಲ್ಲ. ಹಾಗೇ ಕಪ್ಪಗೆ ಕುಡಿಯಬೇಕು, ಇಲ್ಲ ಒಂದೆರಡು ಚಮಚ ಹಾಲು.

*

ಇಂದ: ಬಸವನಗುಡಿ ಮೇಷ್ಟ್ರು

ಗಷ್ಟು ಎಂಬ ಮಾತು ನ್ಯೂ ಜೆರ್ಸಿಯಲ್ಲಿ ಉಳಿದಿದೆ, ಬೆಂಗಳೂರಿನಲ್ಲಿ ‘ವೇಸ್ಟ್ ಪೌಡರ್’ ಆಗಿದೆ. ನನ್ನ ನಿಲುವು ಇಷ್ಟೇ. ವಸ್ತು ಹೊರಗಿಂದ ಬಂದರೆ ಹೆಸರೂ ಬರಲಿ. ಕೆಲಸ ಮಾಡುವವರು ನಾವು, ಆದ್ದರಿಂದ ಕ್ರಿಯಾಪದ ನಮ್ಮದಾಗಿರಬೇಕು. ಕ್ರಿಯಾಪದವನ್ನೂ ಎರವಲು ತಂದ ಭಾಷೆ ಕಾಲು ಎರವಲು ತಂದವನ ಹಾಗೆ.

*

ಇಂದ: ಕರಡು ತಿದ್ದುವವನು

ಬದಲಾಯಿಸು, ರವಾನಿಸು, ಚಲಾಯಿಸು. ಇವೆಲ್ಲ ಯಾರ ಮನೆಯವು ಮೇಷ್ಟ್ರೇ? ಅರಬ್ಬಿ, ಪಾರ್ಸಿ, ಹಿಂದಿ ಎಲ್ಲಕ್ಕೂ ‘ಇಸು’ ಹಚ್ಚಿ ಮುನ್ನೂರು ವರ್ಷದಿಂದ ಓಡಾಡುತ್ತಿದ್ದೇವೆ. ಯಾರ ಕಾಲೂ ಬಿದ್ದಿಲ್ಲ.

*

ಇಂದ: ಬಸವನಗುಡಿ ಮೇಷ್ಟ್ರು

ಹಾಗಾದರೆ ‘ಬ್ಲೂಮಿಸು’ ಅಂತ ಬರೆಯಿರಿ. ನಾನು ಬೇಡ ಅನ್ನುವುದಿಲ್ಲ. ಓದುವುದೂ ಇಲ್ಲ.

*

ಇಂದ: ತೋಟದಮನೆ, ಮೂಡಿಗೆರೆ

ಶುದ್ಧ ಮಾಡೋದಾದರೆ ಲೋಟದಿಂದಲೇ ಶುರು ಮಾಡಿ. ಕಾಫಿ ಅನ್ನೋದು ಅರಬ್ಬಿಯ ಖಹ್ವಾ. ತುರ್ಕರ ಬಾಯಲ್ಲಿ ಕಹ್ವೆ ಆಗಿ, ಡಚ್ಚರ ಕೈದಾಟಿ, ಇಂಗ್ಲಿಷಿನಿಂದ ನಮಗೆ ಬಂತು. ಸಕ್ಕರೆ ಪ್ರಾಕೃತ. ಲೋಟ ಹಿಂದಿ. ಫಿಲ್ಟರ್ ಲ್ಯಾಟಿನ್. ನಮ್ಮದು ಅಂತ ಇರೋದು ಹಾಲು, ಬಿಸಿ, ನೊರೆ.

ಬೀಜವಂತೂ ಮಾತಿಗಿಂತ ಹತ್ತಿರದ ದಾರಿಯಲ್ಲಿ ಬಂತು ಅಂತಾರೆ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ನಮ್ಮ ಗುಡ್ಡದ ಮೇಲೆ ಹಾಕಿದ್ದು ಅನ್ನೋ ಕಥೆ ಎಲ್ಲರಿಗೂ ಗೊತ್ತಿದೆ. ಆ ಗುಡ್ಡದ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ ಗುರುತು, ಅಂದರೆ ಇದು ಈ ಜಾಗದ್ದೇ ಬೆಳೆ ಅನ್ನೋ ಮುದ್ರೆ, ಕೂಡ ಸಿಕ್ಕಿತು. ಎರವಲು ಬಂದ ಗಿಡ ನಮ್ಮ ಮಣ್ಣಿನ ಹೆಸರಲ್ಲೇ ಮಾರಾಟ ಆಗುತ್ತಿದೆ. ಎರವಲು ಪದಕ್ಕೆ ಇಷ್ಟು ಬೈಗುಳ ಯಾಕೆ?

*

ಇಂದ: ಸಂಸ್ಕೃತ ಪಾಠಕ

ಗುಂಪಿನ ವಿಷಯ ಪದ. ಕೃಷಿ ಅಲ್ಲ.

*

ಇಂದ: ಮೈಸೂರು ಅನುವಾದಕಿ

ಗಂಟೆ ನಾಲ್ಕೂವರೆ. ಫೈಲು ಕಳಿಸಿಯಾಯಿತು. ಏನು ಹಾಕಿದೆ ಅಂತ ಹೇಳಿಬಿಡುತ್ತೇನೆ.

ಬೆಳಗ್ಗೆ ಅತ್ತೆ ಫಿಲ್ಟರ್ ಹಾಕುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ಇವರ ಹೊಂಗು, ಅವರ ಕಷಾಯ ಎಲ್ಲ ಓದಿ ಹೇಳುತ್ತಿದ್ದೆ. ಅತ್ತೆ ಮೇಲಿನ ಡಬ್ಬಕ್ಕೆ ಪುಡಿ ಹಾಕಿ, ಹಿಡಿ ಇರುವ ತೂತಿನ ಬಿಲ್ಲೆಯನ್ನು ಮೆಲ್ಲಗೆ ಅದರ ಮೇಲಿಟ್ಟರು. ಒತ್ತಲಿಲ್ಲ. ಸೌಟಿನಲ್ಲಿ ಒಂದಿಷ್ಟು ಬಿಸಿನೀರು ಸುತ್ತ ಹಾಕಿ ನಿಲ್ಲಿಸಿದರು. ಬಿಲ್ಲೆಯ ತೂತುಗಳಲ್ಲಿ ಕಂದು ನೊರೆ ಬುಳುಬುಳು ಅಂತ ಎದ್ದಿತು. ‘ಯಾಕೆ ನಿಲ್ಲಿಸಿದ್ರಿ?’ ಅಂದೆ. ‘ಪುಡಿ ನೆನೀಬೇಡ್ವೇನಮ್ಮ?’ ಅಂದರು. ಎಷ್ಟು ಹೊತ್ತು ಅಂದರೆ, ಹಾಲಿನ ಪ್ಯಾಕೆಟ್ ಕತ್ತರಿಸಿ ಪಾತ್ರೆಗೆ ಸುರಿದು ಒಲೆ ಹಚ್ಚುವಷ್ಟು ಹೊತ್ತು. ಮೊಬೈಲಿನಲ್ಲಿ ಲೆಕ್ಕ ಹಾಕಿದೆ, 40 ಸೆಕೆಂಡು.

ಆಮೇಲೆ ನೋಡಿದರೆ ನನ್ನ ಮೊದಲ ಓಲೆಯಲ್ಲಿ ನಾನೇ ‘ಒಂದೇ ಸಮ ನೆನೆದು’ ಅಂತ ಬರೆದಿದ್ದೇನೆ. ಯಾರೂ ಹಿಡಿದು ತೋರಿಸಲಿಲ್ಲ!

ಹಾಗಾಗಿ ಬ್ಲೂಮ್‌ಗೆ ‘ನೆನೆಸು’. ಬ್ರೂ ಗುಂಡಿಯ ಬಗ್ಗೆಯೂ ಅತ್ತೆಯನ್ನೇ ಕೇಳಿದೆ. ‘ಅದನ್ನ ಒತ್ತಿದ್ರೆ ಕಾಫಿ ತಾನೆ ಬರೋದು? ಕಾಫಿ ಅಂತ ಬರಿ’ ಅಂದರು. ಸ್ಟಿಕ್ಕರ್ ಮೇಲೆ ‘ಕಾಫಿ’ ಅಂತಲೇ ಹೋಗಿದೆ. ಕೈಪಿಡಿಯ ಒಳಗೆ ಮಾತ್ರ ಇಳಿಸು, ಇಳಿಯುತ್ತದೆ. ಗ್ರೈಂಡ್‌ಗೆ ಮೂಡಿಗೆರೆಯವರ ರವೆ. 60 ಗ್ರಾಂ, 150 ಮಿಲಿಲೀಟರ್, ಚಿಕೋರಿ, ಎಲ್ಲ ದಪ್ಪಕ್ಷರದಲ್ಲಿ. ಟೋಸ್ಟರ್ ವಿಷಯ ಬಿಟ್ಟಿದ್ದೇನೆ.

*

ಇಂದ: ಸಂಸ್ಕೃತ ಪಾಠಕ

ನೆನೆಸು ಎಂದರೆ ಸ್ಮರಿಸು. ಗುಂಡಿ ಒತ್ತಿ ಯಾರನ್ನು ಸ್ಮರಿಸಬೇಕು?

*

ಇಂದ: ಎಡಿಸನ್, ನ್ಯೂ ಜೆರ್ಸಿ

ನಾನಂತೂ ಬೆಳಗ್ಗೆ ಆರಕ್ಕೆ ಅಮ್ಮನ ಫಿಲ್ಟರನ್ನ.

*

ಇಂದ: ಬಸವನಗುಡಿ ಮೇಷ್ಟ್ರು

ಪಾಠಕರೇ, ಆ ನೆನೆ ಬೇರೆ, ಈ ನೆನೆ ಬೇರೆ. ತಮಿಳಿನಲ್ಲಿ ಒಂದು ನಿನೈ, ಇನ್ನೊಂದು ನನೈ. ಕನ್ನಡದಲ್ಲಿ ಸವೆದು ಒಂದೇ ಆಗಿವೆ ಅಷ್ಟೇ. ಒದ್ದೆಯಾಗುವ ನೆನೆಗೆ ‘ನನೆ’ ಎಂಬ ರೂಪವೂ ಇದೆ.

ಮೇಡಂ, ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ‘ನೆನೆಸು’ ಒಪ್ಪಿದ್ದೇನೆ. ಒಪ್ಪಲು ಒಂದು ಕಾರಣವೂ ಸಿಕ್ಕಿದೆ. ಹಳಗನ್ನಡದಲ್ಲಿ ನನೆ ಅಂದರೆ ಮೊಗ್ಗು. ಮನ್ಮಥನಿಗೆ ನನೆವಿಲ್ಲ ಅಂತ ಹೆಸರು. ಅಂದರೆ ನಿಮ್ಮ ಬ್ಲೂಮ್ ಎಲ್ಲಿಗೂ ಹೋಗಿಲ್ಲ, ಆ ಪದದ ಪಕ್ಕದಲ್ಲೇ ಕೂತಿದೆ.

*

ಇಂದ: ಕರಡು ತಿದ್ದುವವನು

ಮೊಗ್ಗಿನ ನನೆಗೂ ನೀರಿನ ನನೆಗೂ ನಂಟಿದೆ ಅನ್ನುವುದಕ್ಕೆ ಆಧಾರ?

*

ಇಂದ: ತೋಟದಮನೆ, ಮೂಡಿಗೆರೆ

ಆಧಾರ ಬೇಕಿದ್ದರೆ ಮಾರ್ಚ್‌ನಲ್ಲಿ ತೋಟಕ್ಕೆ ಬನ್ನಿ ಸ್ವಾಮಿ. ಗಿಡ ನೆನೆಯದೆ ಮೊಗ್ಗು ಬಿರಿಯಲ್ಲ. ಉಳಿದುಕೊಳ್ಳೋಕೆ ಜಾಗ ಇದೆ. ಕಾಫಿ ಮಾತ್ರ ಫಿಲ್ಟರ್‌ನದ್ದೇ.