ಅಪ್‌ಡೇಟ್: ಬೆಟಗೇರಿ ಚರ್ಚಿನ ಪಾದ್ರಿ ಅಜ್ಜಾರು ಮತ್ತ ಸಿಕ್ರು

ಹೋದ ವಾರ ಕೇಳಿದ್ದೆ: ಬೆಟಗೇರಿಯ ಹಳೆ ಚರ್ಚಿನ ಅಂಗಳದಾಗ ಬರಿಗಾಲಲ್ಲಿ, ನಿಲುವಂಗಿ ಮ್ಯಾಲೆ ಕಂಬಳಿ ಹೊದ್ದು ಒಬ್ರ ಪ್ರಾರ್ಥನೆ ಮಾಡ್ತಿದ್ದ ಪಾದ್ರಿ ಯಾರು, ಮಾತಾಡಿಸಬಹುದಾ ಅಂತ. ಮಾತಾಡಿಸು ಅಂದವರಿಗೆಲ್ಲ ಶರಣು.

ಭಾನುವಾರ ಹೋದೆ. ಅವರು ಯಾವ ಚರ್ಚಿನ ಸಭೆಗೂ ಸೇರಿದವರಲ್ಲ. ಕರೆದವರ ಮನಿಗೆ ಹೋಗಿ ಪ್ರಾರ್ಥಿಸ್ತಾರ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1837ರಲ್ಲೇ ಧಾರವಾಡಕ್ಕ ಬಂದದ್ದನ್ನ ನಿನ್ನೆ ಕಂಡಂಗ ಹೇಳಿದ್ರು. ಜೋಳಿಗಿಯಿಂದ ಕಿಟೆಲ್ ನಿಘಂಟು ತಗದ್ರು. 1894ರಲ್ಲಿ ಮಂಗಳೂರಾಗ ಅಚ್ಚಾದ ಆ ದಪ್ಪ ಪುಸ್ತಕದ ಮರುಮುದ್ರಣ, ರಟ್ಟು ಹರಿದೈತಿ. ಪ್ರಾರ್ಥನೆ ಮುಗಿದ ಮ್ಯಾಲೆ ದಿನಕ್ಕೊಂದು ಶಬ್ದ ಓದ್ತಾರಂತ. ನನಗಂತೂ ಅದೂ ಪ್ರಾರ್ಥನೆನ ಅನಿಸ್ತು.

"ತಮ್ಮಾ, ನಿಮ್ಮಜ್ಜಿ ಆಡ್ತಿದ್ದ ಒಂದು ಶಬ್ದ ಹೇಳು" ಅಂದ್ರು.

"ನಾಗೊಂದಿ ರೀ, ಅಜ್ಜಾರ. ಗ್ವಾಡ್ಯಾಗ ಸಾಮಾನು ಇಡೋ ಹಲಗಿ."

ಕಣ್ಣು ಮುಚ್ಚಿ ಎರಡು ಸಲ ಅಂದ್ಕೊಂಡು, ಪೆನ್ಸಿಲ್‌ನಿಂದ ಅಂಚಿನಾಗ ಬರಕೊಂಡ್ರು.